ಆಂಪ್ಲಿಫೈಯರ್ ಬದಲಿಸುವ ಮುನ್ನ ಕೋಣೆಯನ್ನು ಅಳೆಯಿರಿ

ಪ್ರಶ್ನೆ: ನಾನು ಬಳ್ಳಾರಿಯವನು. ಮೂರು ವರ್ಷದಿಂದ ಮನೆಯಲ್ಲಿ ಒಳ್ಳೆಯ ಧ್ವನಿಯಲ್ಲಿ ಸಂಗೀತ ಕೇಳುವ ಹುಚ್ಚು ಹತ್ತಿದೆ. ಬುಕ್‌ಶೆಲ್ಫ್ ಸ್ಪೀಕರ್ ಜೋಡಿ, 60 ವ್ಯಾಟ್ ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್, 18,000 ರೂಪಾಯಿಯ ಸ್ಪೀಕರ್ ಕೇಬಲ್ ಎಲ್ಲ ಸೇರಿ ಖರ್ಚು 2.4 ಲಕ್ಷ ದಾಟಿದೆ. ಆದರೂ ತಬಲಾದ ಡಗ್ಗ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತದೆ, ಹಾಡಿನ ಮಾತು ತಿಳಿಯಾಗಿ ಕೇಳುವುದಿಲ್ಲ. ಫ್ಯಾನ್ ನಡುವಿನ ವೇಗದಲ್ಲಿಟ್ಟರೆ ಸ್ಪೀಕರಿನಿಂದ ಜುಂಯ್ ಎಂಬ ಸದ್ದು ಬೇರೆ. ಕೋಣೆ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ನೆಲ ಗ್ರಾನೈಟ್, ಮೇಲೆ ಆರ್‌ಸಿಸಿ. ಸ್ಪೀಕರ್‌ಗಳು ಶೋಕೇಸಿನ ಎರಡು ಮೂಲೆಯ ಗೂಡುಗಳಲ್ಲಿವೆ, ಕುರ್ಚಿ ಎದುರು ಗೋಡೆಗೆ ಒರಗಿದೆ. 85,000 ರೂಪಾಯಿಯ 150 ವ್ಯಾಟ್ ಆಂಪ್ಲಿಫೈಯರ್ ಹಾಕಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಮನೆಯಾಕೆ ಈಗಾಗಲೇ ಬೇಸತ್ತಿದ್ದಾಳೆ. ಅಜ್ಜನ ಕಾಲದ ಕಂಪನಿ ನಾಟಕದ ಹಾಡುಗಳ 78 ಆರ್‌ಪಿಎಂ ತಟ್ಟೆಗಳೂ ಇವೆ. ಆಂಪ್ಲಿಫೈಯರ್ ಕೊಳ್ಳಲೇ? ಈ ಖರ್ಚು ಎಲ್ಲಿಗೆ ನಿಲ್ಲುತ್ತದೆ?

ಉತ್ತರ: ಕೊಳ್ಳಬೇಡಿ. ನೀವು ಬರೆದ ಮೂರೂ ತೊಂದರೆಗಳಲ್ಲಿ ಒಂದೂ ಆಂಪ್ಲಿಫೈಯರಿನದಲ್ಲ. ಎರಡು ಕೋಣೆಯವು, ಒಂದು ಫ್ಯಾನ್ ರೆಗ್ಯುಲೇಟರಿನದು. ಕೋಣೆಯ ಅಳತೆ, ಕುರ್ಚಿಯ ಜಾಗ, ಫ್ಯಾನಿನ ವೇಗ ಎಲ್ಲವನ್ನೂ ಬರೆದಿದ್ದೀರಿ, ಹಾಗಾಗಿ ಇಷ್ಟು ಖಚಿತವಾಗಿ ಹೇಳಲು ಬರುತ್ತದೆ.

ಮೊದಲು ಡಗ್ಗದ ಗುಂಯ್. ಎದುರುಬದುರಾದ ಎರಡು ಗಟ್ಟಿ ಗೋಡೆಗಳ ನಡುವೆ ಒಂದು ನಿರ್ದಿಷ್ಟ ಕಂಪನಾಂಕದ ಸದ್ದು ತನ್ನಷ್ಟಕ್ಕೇ ಬಲಗೊಳ್ಳುತ್ತದೆ. ಲೆಕ್ಕ ಸುಲಭ: 565ನ್ನು ಗೋಡೆಗಳ ನಡುವಿನ ಅಂತರದಿಂದ, ಅಡಿಗಳಲ್ಲಿ, ಭಾಗಿಸಿ. 12 ಅಡಿಗೆ 47 ಹರ್ಟ್ಜ್, ಅಂದರೆ ಸೆಕೆಂಡಿಗೆ 47 ಕಂಪನ, ಬರುತ್ತದೆ, 10 ಅಡಿಗೆ 56 ಹರ್ಟ್ಜ್. ನಿಮ್ಮ ಕೋಣೆಯ ಅಗಲವೂ 10 ಅಡಿ, ಎತ್ತರವೂ 10 ಅಡಿ. ಅಂದರೆ ಪಕ್ಕದ ಗೋಡೆಗಳ ಜೋಡಿಯೂ ನೆಲ-ಛಾವಣಿಯ ಜೋಡಿಯೂ ಅದೇ 56 ಹರ್ಟ್ಜನ್ನು ಎತ್ತಿ ಹಿಡಿಯುತ್ತವೆ. ನಮ್ಮ ಕಡೆ 10 ಅಡಿ ಎತ್ತರದ ಛಾವಣಿ ರೂಢಿಯಾದ್ದರಿಂದ 10 ಅಡಿ ಅಗಲದ ಕೋಣೆಗಳಲ್ಲೆಲ್ಲ ಈ ಕಾಟ ಇದ್ದದ್ದೇ. ಡಗ್ಗದ ತಳದ ನಾದ ಇದರ ಆಸುಪಾಸಿಗೆ ಬಂದಾಗಲೆಲ್ಲ ನುಡಿಸುವವರು ಬಿಟ್ಟರೂ ಕೋಣೆ ಬಿಡುವುದಿಲ್ಲ.

ಇದರ ಮೇಲೆ ಸ್ಪೀಕರ್‌ಗಳು ಮೂಲೆಯಲ್ಲಿವೆ. ಮೂಲೆಯಲ್ಲಿಟ್ಟ ಸ್ಪೀಕರ್ ಕೋಣೆಯ ಇಂಥ ಎಲ್ಲ ಅನುರಣನಗಳನ್ನೂ ಗರಿಷ್ಠವಾಗಿ ಕೆಣಕುತ್ತದೆ. ಗೋಡೆಗೆ ಒರಗಿ ಕೂತ ಕಿವಿಗೆ ಅವೇ ಗರಿಷ್ಠವಾಗಿ ಕೇಳುತ್ತವೆ. 150 ವ್ಯಾಟ್ ತಂದರೆ ಇದೇ ಗುಂಯ್ ಇನ್ನೂ ಜೋರಾಗಿ ಕೇಳೀತು, ಅಷ್ಟೇ.

ಒಂದು ಭಾನುವಾರ ಶೋಕೇಸ್ ಖಾಲಿ ಮಾಡಿ. ಸ್ಪೀಕರ್‌ಗಳನ್ನು 10 ಅಡಿಯ ಗೋಡೆಯ ಕಡೆಗಿಟ್ಟು 12 ಅಡಿ ಉದ್ದಕ್ಕೆ ಮುಖ ಮಾಡಿಸಿ. ವೂಫರಿನ (ತಳದ ಸ್ವರ ನುಡಿಸುವ ದೊಡ್ಡ ಕೋನ್) ನಡುವಿನಿಂದ ಹಿಂದಿನ ಗೋಡೆಗೆ 2 ಅಡಿ, ಪಕ್ಕದ ಗೋಡೆಗೆ ಎರಡೂವರೆ ಅಡಿ. ಈ ಎರಡು ಅಳತೆ ಒಂದೇ ಆಗಬಾರದು. ಗೋಡೆಯಿಂದ ಮರಳಿದ ಅಲೆ ನೇರ ಅಲೆಯನ್ನು ಒಂದು ಕಂಪನಾಂಕದಲ್ಲಿ ಅಳಿಸಿಹಾಕುತ್ತದೆ, ಎರಡೂವರೆ ಅಡಿಗೆ ಅದು ಸುಮಾರು 112 ಹರ್ಟ್ಜ್. ಎರಡೂ ಗೋಡೆ ಒಂದೇ ದೂರದಲ್ಲಿದ್ದರೆ ಅಲ್ಲೊಂದು ದೊಡ್ಡ ಹಳ್ಳ ಬೀಳುತ್ತದೆ, ಗಂಡಸರ ಕಂಠದ ತುಂಬುತನವೇ ಹೋಗುತ್ತದೆ. ಸ್ಪೀಕರ್‌ಗಳ ನಡುವೆ 5 ಅಡಿ, ಪ್ರತಿ ಸ್ಪೀಕರಿನಿಂದ ಕಿವಿಗೂ 5 ಅಡಿ. ಆಗ ನಿಮ್ಮ ತಲೆ ಬೆನ್ನ ಹಿಂದಿನ ಗೋಡೆಯಿಂದ ಐದೂವರೆ ಅಡಿಯಷ್ಟು ಮುಂದಿರುತ್ತದೆ. ಕೋಣೆಯ ನಟ್ಟನಡುವೆ ಅಂದರೆ 6 ಅಡಿಯಲ್ಲಿ ಕೂರಬೇಡಿ, ಅಲ್ಲಿ 47 ಹರ್ಟ್ಜ್ ಪೂರಾ ಸೊರಗುತ್ತದೆ. ಐದೂವರೆಯಿಂದ ಶುರುಮಾಡಿ ಕುರ್ಚಿಯನ್ನು ನಾಲ್ಕೂವರೆಯವರೆಗೆ ಮೂರು ಮೂರು ಇಂಚು ಹಿಂದೆ ಸರಿಸುತ್ತ, ಒಂದೇ ತಬಲಾ ತುಣುಕು ಕೇಳಿ, ಡಗ್ಗದ ಮೀಂಡ್ ಏರಿಳಿತ ಬಿಡಿಬಿಡಿಯಾಗಿ ಕೇಳುವಲ್ಲಿ ನಿಲ್ಲಿಸಿ.

ಸ್ಟ್ಯಾಂಡ್‌ಗೆ ವೆಲ್ಡಿಂಗ್ ಅಂಗಡಿ ಸಾಕು. 50 ಮಿಲಿಮೀಟರ್ ಚೌಕ ಪೈಪ್, 24 ಇಂಚು ಎತ್ತರ, ಕೆಳಗೆ ಒಂದಡಿ ಚೌಕದ ದಪ್ಪ ಕಡಪ ಕಲ್ಲು. ಪೈಪಿನೊಳಗೆ ಮರಳು ತುಂಬಿಸಿದರೆ ಕಬ್ಬಿಣ ಠಣ್ಣೆನ್ನುವುದಿಲ್ಲ. ಮರಳನ್ನು ಬಿಸಿಲಲ್ಲಿ ಎರಡು ದಿನ ಒಣಗಿಸಿಯೇ ತುಂಬಿ, ಹಸಿ ಮರಳು ಒಳಗಿಂದ ತುಕ್ಕು ಹಿಡಿಸುತ್ತದೆ. ಟ್ವೀಟರ್ (ತಾರಸ್ವರ ನುಡಿಸುವ ಸಣ್ಣ ಭಾಗ) ಕೂತವರ ಕಿವಿಯ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು 36 ಇಂಚಿಗೆ ಬರಬೇಕು.

ಈಗ ಮಾತು ತಿಳಿಯದ ತೊಂದರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನ ಉಪನ್ಯಾಸ ಸಭಾಂಗಣದಲ್ಲಿ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. 1895ರಲ್ಲಿ ವಾಲೆಸ್ ಸೇಬಿನ್ ಎಂಬ ಯುವ ಭೌತವಿಜ್ಞಾನಿಗೆ ಅದನ್ನು ಸರಿಪಡಿಸುವ ಕೆಲಸ ಬಂತು. ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದು ಆತ ಕಂಡುಕೊಂಡ ಸೂತ್ರವೇ ಇವತ್ತಿಗೂ ಬಳಕೆಯಲ್ಲಿದೆ. ಅಡಿ ಲೆಕ್ಕದಲ್ಲಿ: 0.049 ಗುಣಿಸು ಕೋಣೆಯ ಘನ ಅಡಿ, ಭಾಗಿಸು ಹೀರುವ ಮೇಲ್ಮೈಯ ಚದರ ಅಡಿ.

ನಿಮ್ಮ ಕೋಣೆ 1,200 ಘನ ಅಡಿ. ಗಿಲಾವು ಮಾಡಿದ ಗೋಡೆ, ಗ್ರಾನೈಟ್, ಆರ್‌ಸಿಸಿ ಇವು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಎರಡು ಪಾಲು ಹೀರಿದರೆ ಹೆಚ್ಚು. ಒಟ್ಟು 680 ಚದರ ಅಡಿ ಮೇಲ್ಮೈಯಿಂದ ಸಿಗುವುದು 14 ಚದರ ಅಡಿಯಷ್ಟು ಹೀರಿಕೆ. ಬರಿದಾದ ಕೋಣೆಯಲ್ಲಿ ಸದ್ದು ಅಡಗಲು ನಾಲ್ಕು ಸೆಕೆಂಡು ಮೀರುತ್ತದೆ. ಒಂದು ಮಂಚ, ಹಾಸಿಗೆ, ಪರದೆ ಇದ್ದರೆ 65ರಷ್ಟು ಸಿಗಬಹುದು, ಆಗ 0.9 ಸೆಕೆಂಡು. ಹಾಡಿನ ಒಂದಕ್ಷರ ಅಡಗುವ ಮೊದಲು ಮುಂದಿನ ಮೂರು ಅಕ್ಷರ ಬಂದು ಬೀಳುತ್ತವೆ. ಸಂಗೀತ ಕೇಳುವ ಸಣ್ಣ ಕೋಣೆಗೆ ಬೇಕಾದ್ದು 0.3ರಿಂದ 0.4 ಸೆಕೆಂಡು. ಅದಕ್ಕೆ ಸುಮಾರು 150 ಚದರ ಅಡಿ ಹೀರಿಕೆ ಬೇಕು, ಅಂದರೆ ಇನ್ನೂ 85 ಸೇರಿಸಬೇಕು.

ಇಲ್ಲಿ ನಮ್ಮ ಊರೇ ಸಿರಿವಂತ. ಬಳ್ಳಾರಿಯ ಜೀನ್ಸ್ ಘಟಕಗಳ ಕಟಿಂಗ್ ಚಿಂದಿ, ರಾಯಚೂರಿನ ಜಿನ್ನಿಂಗ್ ಮಿಲ್ಲಿನ ಅರಳೆ, ಮನೆಯ ಹಳೆಯ ಕೌದಿ ಇವೆಲ್ಲ ಸದ್ದು ಹೀರುವ ಒಳ್ಳೆಯ ಸರಕುಗಳು. ಬಿಡಿಸಿದ ಡೆನಿಮ್ ನೂಲಿನಿಂದಲೇ ಹೊರದೇಶಗಳಲ್ಲಿ ಪ್ಯಾನೆಲ್ ತಯಾರಿಸಿ ಮಾರುತ್ತಾರೆ. 4 ಅಡಿ ಉದ್ದ, 2 ಅಡಿ ಅಗಲ, 4 ಇಂಚು ಆಳದ ಮರದ ಚೌಕಟ್ಟು ಎಂಟು ಮಾಡಿಸಿ. ಹಿಂಬದಿಗೆ ಕೋಳಿ ಜಾಲರಿ ಹೊಡೆಯಿರಿ. ಒಂದೊಂದಕ್ಕೆ ಸುಮಾರು 3 ಕಿಲೊ ಚಿಂದಿ. ಚಿಂದಿಯನ್ನು ಹಾಗೇ ತುರುಕಿದರೆ ಅದು ಇಟ್ಟಿಗೆಯಾಗಿ ಸದ್ದನ್ನು ವಾಪಸು ಕಳಿಸುತ್ತದೆ. ಹಾಸಿಗೆ ಮಾಡುವವರ ಹತ್ತಿರ ಯಂತ್ರಕ್ಕೆ ಹಾಕಿಸಿ ಎಳೆ ಬಿಡಿಸಿ. ತುಂಬಿದ ಮೇಲೆ ಬಾಯಿಟ್ಟು ಊದಿ ನೋಡಿ: ಉಸಿರು ಸ್ವಲ್ಪ ತಡೆಯಾಗಿಯೂ ಒಳಗೆ ಹೋಗಬೇಕು. ಮುಂದಿನ ಬಟ್ಟೆಗೂ ಇದೇ ಪರೀಕ್ಷೆ. ರೆಕ್ಸಿನ್, ಪ್ಲಾಸ್ಟಿಕ್ ಹಾಕಿದರೆ ಕೆಲಸವೆಲ್ಲ ವ್ಯರ್ಥ. ಹಳೆಯ ಇಳಕಲ್ ಹತ್ತಿ ಸೀರೆ ಬಹಳ ಚೆನ್ನಾಗಿ ಹೊಂದುತ್ತದೆ, ಯಾವ ಸೀರೆ ಎಂದು ಮನೆಯಾಕೆಯೇ ಆರಿಸಲಿ. ಆ ಕೋಣೆ ಅವರದೂ ಹೌದು.

ಕೆಡುವುದು ಎಲ್ಲಿ ಎಂದರೆ ಮೂರು ಕಡೆ. ಬೀಜ ಬಿಡಿಸದ ಹತ್ತಿಗೆ ಇಲಿ, ಹುಳ ಬರುತ್ತವೆ. ಅರಳೆ, ಚಿಂದಿ ಎರಡೂ ಬೆಂಕಿಗೆ ಬೇಗ ಸಿಗುತ್ತವೆ, ಹಾಗಾಗಿ ಸ್ವಿಚ್‌ಬೋರ್ಡಿನಿಂದ, ಪ್ಲಗ್‌ಗಳಿಂದ, ದೇವರ ದೀಪದಿಂದ ದೂರವಿರಲಿ. ಈ ಭಯ ಬೇಡವೆಂದರೆ ಘನ ಮೀಟರಿಗೆ 48 ಕಿಲೊ ಸಾಂದ್ರತೆಯ ರಾಕ್‌ವೂಲ್ ಹಲಗೆ ತರಿಸಿ. ಅದು ಉರಿಯುವುದಿಲ್ಲ, ಆದರೆ ಕತ್ತರಿಸುವಾಗ ಕೈಗವಸು, ಮಾಸ್ಕ್ ಬೇಕೇ ಬೇಕು. ಮೂರನೆಯದು ಒಂದಿಂಚಿನ ಫೋಮ್ ಮತ್ತು ಮೊಟ್ಟೆಯ ಟ್ರೇ. ಇವು ತಾರಸ್ವರವನ್ನಷ್ಟೇ ತಿಂದು ಕೋಣೆಯನ್ನು ಮಂಕುಮಾಡುತ್ತವೆ, ಗುಂಯ್ ಹಾಗೇ ಉಳಿಯುತ್ತದೆ.

ಎಲ್ಲಿ ತೂಗುಹಾಕಬೇಕು ಎಂಬುದನ್ನು ಕನ್ನಡಿ ಹೇಳುತ್ತದೆ. ನೀವು ಕುರ್ಚಿಯಲ್ಲಿ ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಸರಿಸಲಿ. ಸ್ಪೀಕರ್ ಕಂಡ ಕಡೆ ಒಂದು ಪ್ಯಾನೆಲ್. ಎರಡು ಪಕ್ಕಕ್ಕೆ ಎರಡು, ಛಾವಣಿಗೆ ನಾಲ್ಕಿಂಚು ಬಿಟ್ಟು ತೂಗಿದ ಎರಡು, ಕುರ್ಚಿಯ ಹಿಂದೆ ಎರಡು, ಮುಂದಿನ ಎರಡು ಮೂಲೆಗೆ ಅಡ್ಡಲಾಗಿ ಎರಡು. ಕೌದಿಯನ್ನು ಗೋಡೆಗೆ ಅಂಟಿಸಬೇಡಿ, ಬಿದಿರಿನ ಗಳಕ್ಕೆ ಹಾಕಿ ನಾಲ್ಕಿಂಚು ಮುಂದೆ ತೂಗಿ. ಆ ಗಾಳಿಯ ಜಾಗವೇ ಅದರ ಶಕ್ತಿಯನ್ನು ಹೆಚ್ಚಿಸುತ್ತದೆ. ನೆಲಕ್ಕೆ ದಪ್ಪನೆಯ ಜಮಖಾನೆ.

56 ಹರ್ಟ್ಜನ್ನು ಪೂರ್ತಿ ನುಂಗುವ ಪ್ಯಾನೆಲ್ ಮನೆಯಲ್ಲಿ ಹಿಡಿಸುವುದಿಲ್ಲ, ಅದರ ಅಲೆಯ ಕಾಲು ಭಾಗವೇ ಐದಡಿ. ಉಳಿದದ್ದಕ್ಕೆ ಅಳತೆಯ ಮೈಕು ಮತ್ತು ರೂಮ್ ಈಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶ ಇದೆ. ಮೈಕನ್ನು ಅದರ ಕ್ಯಾಲಿಬ್ರೇಶನ್ ಫೈಲ್ ಸಮೇತ ಕೊಳ್ಳಿ, ಮೊಬೈಲಿನ ಮೈಕು ತಳದ ಸ್ವರಗಳಲ್ಲಿ ನಂಬಿಕೆಗೆ ಬಾರದು. ತಂತ್ರಾಂಶ ಬರೆಯುವ ಗೆರೆಯಲ್ಲಿ ಎದ್ದ ಗುಡ್ಡವನ್ನು ಈಕ್ವಲೈಜರಿನಲ್ಲಿ (ಬೇರೆ ಬೇರೆ ಕಂಪನಾಂಕಗಳನ್ನು ಏರಿಸಿ ಇಳಿಸುವ ಸಾಧನ) ತಗ್ಗಿಸಿ, ಬಿದ್ದ ಹಳ್ಳವನ್ನು ಎತ್ತಲು ಹೋಗಬೇಡಿ, ಆಂಪ್ಲಿಫೈಯರ್ ಸುಮ್ಮನೆ ಬಳಲುತ್ತದೆ. ಇನ್ನೊಂದು ಮಾತು: 20 ಡಿಗ್ರಿಯ ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್, ನಮ್ಮ ಮೇ ತಿಂಗಳ 40 ಡಿಗ್ರಿಯಲ್ಲಿ 355. ಚಳಿಗಾಲದ 56 ಹರ್ಟ್ಜ್ ಬೇಸಿಗೆಯಲ್ಲಿ 58 ಆಗುತ್ತದೆ. ಈಕ್ವಲೈಜರಿನ ಫಿಲ್ಟರನ್ನು ಸೂಜಿಯಷ್ಟು ಸಪೂರ ಮಾಡಿದರೆ ಬೇಸಿಗೆಯಲ್ಲಿ ಗುರಿ ತಪ್ಪುತ್ತದೆ.

ಜುಂಯ್ ಸದ್ದಿಗೆ ಬರೋಣ. ಫ್ಯಾನ್ ನಡುವಿನ ವೇಗದಲ್ಲಿದ್ದಾಗ ಜೋರು ಎಂದಿದ್ದೀರಿ. ಗುಂಡಿ ನಯವಾಗಿ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುತ್ತದೆ. ಕರೆಂಟಿನ ಅಲೆಯನ್ನು ಸೆಕೆಂಡಿಗೆ 100 ಸಲ ಕತ್ತರಿಸುವುದೇ ಅದರ ಕೆಲಸ, ಆ ಕಡಿತದ ಚೂರುಗಳು ವೈರಿಂಗ್ ಹಿಡಿದು ಆಂಪ್ಲಿಫೈಯರಿಗೆ ಬರುತ್ತವೆ. ಫ್ಯಾನ್ ಪೂರ್ತಿ ವೇಗಕ್ಕೆ ತಿರುಗಿಸಿ, ಆಮೇಲೆ ಬಂದ್ ಮಾಡಿ. ಎರಡರಲ್ಲೂ ಸದ್ದು ಅಡಗಿದರೆ ತೀರ್ಮಾನವಾಯಿತು. ಟಕ್ ಟಕ್ ಎಂದು ಹಂತ ಹಂತವಾಗಿ ತಿರುಗುವ ಕೆಪ್ಯಾಸಿಟರ್ ರೆಗ್ಯುಲೇಟರ್ ಹಾಕಿಸಿ. ಕೆಲವು ನೂರು ರೂಪಾಯಿಯ ಕೆಲಸ.

ಅಷ್ಟಾದರೂ ಜುಂಯ್ ಉಳಿದರೆ ಆಂಪ್ಲಿಫೈಯರಿನ ಎಲ್ಲ ಇನ್‌ಪುಟ್ ಕೀಳಿ, ಒಂದೊಂದೇ ಮತ್ತೆ ಸೇರಿಸಿ. ರೆಕಾರ್ಡ್ ಪ್ಲೇಯರ್ ಸೇರಿಸಿದಾಗ ಬಂದರೆ ಅದರ ತೆಳ್ಳನೆಯ ಗ್ರೌಂಡ್ ತಂತಿಯನ್ನು ಆಂಪ್ಲಿಫೈಯರಿನ ಫೋನೊ ಇನ್‌ಪುಟ್ ಪಕ್ಕದ ತಿರುಪಿಗೆ ಬಿಗಿಯಿರಿ. ಟಿವಿಯ ಕೇಬಲ್ ಸೇರಿದಾಗ ಬಂದರೆ ಎರಡು ದಾರಿಯಿಂದ ಅರ್ಥ್ ಆಗಿದೆ ಎಂದರ್ಥ. ಅದಕ್ಕೆ ಕೇಬಲ್ ಲೈನಿನಲ್ಲಿ ಐಸೊಲೇಟರ್ ಹಾಕಬೇಕು. ಪ್ಲಗ್ಗಿನ ಮೂರನೇ ಪಿನ್ ಕತ್ತರಿಸುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ. ಒಳಗೆ ಏನಾದರೂ ಹೆಚ್ಚುಕಡಿಮೆಯಾದರೆ ಪೆಟ್ಟಿಗೆಯ ಮೈಗೇ ಕರೆಂಟ್ ಬರುತ್ತದೆ.

ಸಾಕೆಟ್ಟಿನಲ್ಲಿ ನ್ಯೂಟ್ರಲ್-ಅರ್ಥ್ ನಡುವೆ ಮಲ್ಟಿಮೀಟರ್ ಹಿಡಿಸಿ ನೋಡಿ. 2-3 ವೋಲ್ಟ್ ಒಳಗಿದ್ದರೆ ಸರಿ, 5 ದಾಟಿದರೆ ಎಲೆಕ್ಟ್ರಿಶಿಯನ್ ಕರೆಸಿ ಅರ್ಥಿಂಗ್ ನೋಡಿಸಬೇಕು. ಎರೆ ಮಣ್ಣಿನ ನೆಲದಲ್ಲಿ ಇದು ಮುಖ್ಯ. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಹೋಳಿ ಹುಣ್ಣಿಮೆಯಿಂದ ಮಳೆ ಹಿಡಿಯುವ ತನಕ ವಾರಕ್ಕೆರಡು ಕೊಡ ನೀರು ಆ ಗುಂಡಿಗೆ ಹಾಕಿ. ಕರೆಂಟ್ ಹೋದಾಗ ಮಾತ್ರ ಜುಂಯ್ ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಕೆಲಸ, ಆಗ ಸಂಗೀತ ನಿಲ್ಲಿಸಿ. ಗುಡುಗು ಕೇಳಿದೊಡನೆ ಪ್ಲಗ್, ಕೇಬಲ್, ಇಂಟರ್‌ನೆಟ್ ತಂತಿ ಎಲ್ಲ ಕೀಳುವುದನ್ನು ಮನೆಯವರಿಗೂ ರೂಢಿ ಮಾಡಿಸಿ.

ವ್ಯಾಟಿನ ಲೆಕ್ಕ ಈಗ ಹೇಳುತ್ತೇನೆ. ಈ ಗಾತ್ರದ ಸ್ಪೀಕರ್‌ಗಳ ಸಂವೇದನೆ (ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಕೇಳುವ ಸದ್ದಿನ ಮಟ್ಟ) ಸಾಮಾನ್ಯವಾಗಿ 86 ಡೆಸಿಬಲ್ ಆಸುಪಾಸು, ಹಿಂಬದಿಯ ಚೀಟಿಯಲ್ಲಿ ಬರೆದಿರುತ್ತದೆ. 5 ಅಡಿ ದೂರದಲ್ಲಿ ಎರಡು ಸ್ಪೀಕರ್‌ಗಳಿಗೆ ಒಂದೊಂದು ವ್ಯಾಟ್ ಕೊಟ್ಟರೆ ಕಿವಿಗೆ ಸುಮಾರು 85 ಡೆಸಿಬಲ್ ತಲುಪುತ್ತದೆ. ನೀವು ಕೇಳುವುದು ಸರಾಸರಿ 75ರಲ್ಲಿ, ಅದಕ್ಕೆ ವ್ಯಾಟಿನ ಹತ್ತನೇ ಒಂದು ಭಾಗ ಸಾಕು. ತಬಲಾದ ಪೆಟ್ಟು ಇದಕ್ಕಿಂತ 20 ಡೆಸಿಬಲ್ ಮೇಲೆ ಹೋದರೂ 10 ವ್ಯಾಟ್ ಆಯಿತು. 60ರಿಂದ 150ಕ್ಕೆ ಏರಿದರೆ ಸಿಗುವುದು ಬರೀ 4 ಡೆಸಿಬಲ್, ನಿಮಗೆ ಬೇಡದ 4 ಡೆಸಿಬಲ್. ಪಂಪ್‌ಸೆಟ್ ಹೊತ್ತಿನಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಯ ಆಂಪ್ಲಿಫೈಯರಿನ ಶಕ್ತಿ ನೂರಕ್ಕೆ 61ಕ್ಕೆ ಕುಸಿಯುತ್ತದೆ. ಕುಸಿದರೂ 37 ವ್ಯಾಟ್ ಉಳಿಯಿತು. ವೋಲ್ಟೇಜ್ ಏರಿದಾಗಲೇ ಅಪಾಯ, ಒಂದು ಸ್ಟೆಬಿಲೈಜರ್ ಇರಲಿ. ಆಂಪ್ಲಿಫೈಯರಿನ ಮೇಲೆ ಬಟ್ಟೆ ಹೊದಿಸಬೇಡಿ, ನಾಲ್ಕಾರು ಇಂಚು ಗಾಳಿಯಾಡಲಿ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿನ ಆಯುಷ್ಯ ಪ್ರತಿ 10 ಡಿಗ್ರಿ ಕಾವಿಗೆ ಅರ್ಧಕ್ಕರ್ಧ ಇಳಿಯುತ್ತದೆ. ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಮುಚ್ಚಿದ ಶೋಕೇಸ್ ಅದಕ್ಕೆ ಕುಲುಮೆಯೇ.

ಕೇಬಲ್ ಬಗ್ಗೆ ಎರಡೇ ಮಾತು. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಮೀಟರಿಗೆ ಸುಮಾರು 0.008 ಓಮ್. 4 ಮೀಟರ್ ಹೋಗಿ ಬಂದರೆ 0.064 ಓಮ್, 8 ಓಮ್ ಸ್ಪೀಕರಿನ ಎದುರು ಅದು ನೂರಕ್ಕೆ ಒಂದು ಪಾಲೂ ಅಲ್ಲ. ಆ 18,000ದ ಕೇಬಲ್ ಯಾರಾದರೂ ಕೊಳ್ಳುವುದಾದರೆ ಕೊಟ್ಟುಬಿಡಿ.

ಖರ್ಚು ಎಲ್ಲಿಗೆ ನಿಲ್ಲುತ್ತದೆ ಎಂದು ಕೇಳಿದ್ದೀರಿ. ಕಿವಿಯನ್ನು ಪರೀಕ್ಷೆಗೆ ಒಡ್ಡಿದ ಕಡೆ ನಿಲ್ಲುತ್ತದೆ. ಎರಡು ಉಪಕರಣಗಳಲ್ಲಿ ಕೂದಲೆಳೆಯಷ್ಟು ಜೋರಾಗಿರುವುದೇ ಯಾವತ್ತೂ ಚೆನ್ನಾಗಿ ಕೇಳುತ್ತದೆ, ಅಂಗಡಿಯ ಡೆಮೊದಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ಮನೆಗೆ ತರಿಸಿ ಹೋಲಿಸಿ. 200 ಹರ್ಟ್ಜ್ ಟೋನ್ ಹಚ್ಚಿ ಸ್ಪೀಕರಿನ ತುದಿಯಲ್ಲಿ ವೋಲ್ಟೇಜ್ ಅಳೆದು ಎರಡನ್ನೂ ನೂರಕ್ಕೆ ಒಂದರೊಳಗೆ ಸರಿದೂಗಿಸಿ. ಅಗ್ಗದ ಮಲ್ಟಿಮೀಟರನ್ನು 400 ಹರ್ಟ್ಜ್ ಮೇಲೆ ನೆಚ್ಚುವಂತಿಲ್ಲ, ಅದಕ್ಕೇ 200. ಯಾವುದು ನುಡಿಯುತ್ತಿದೆ ಎಂದು ಗೊತ್ತಿಲ್ಲದೆ 16 ಸಲ ಗುರುತಿಸಿ. 12 ಸರಿ ಬಂದರೆ ವ್ಯತ್ಯಾಸ ನಿಜವಿರಬಹುದು, 8-9 ಬಂದರೆ ಅದು ಬರೀ ಊಹೆಯಿಂದ ಹೇಳಿದಂತೆ, ಹಣ ಉಳಿಯಿತು. ಮನೆಯಾಕೆಯೇ ಸ್ವಿಚ್ ಬದಲಿಸಲಿ. ಆಗ ಈ ಹವ್ಯಾಸದಲ್ಲಿ ಏನು ನಿಜ, ಏನಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ಗೊತ್ತಾಗುತ್ತದೆ.

ಹಣಕ್ಕಿಂತ ದೊಡ್ಡ ಖರ್ಚು ಇನ್ನೊಂದಿದೆ. ದೋಷ ಹುಡುಕುವ ಕಿವಿ ಹಾಡನ್ನು ಕೇಳುವುದಿಲ್ಲ. ಒಂದು ಹಾಡನ್ನು ಮೂವತ್ತು ಸೆಕೆಂಡಿಗೆ ನಿಲ್ಲಿಸಿ ಇನ್ನೊಂದಕ್ಕೆ ಹಾರುವುದು ಶುರುವಾಗಿದ್ದರೆ ಅಳತೆಯ ದಿನ ಬೇರೆ, ಕೇಳುವ ದಿನ ಬೇರೆ ಎಂದು ಮಾಡಿಕೊಳ್ಳಿ. ಕಿವಿಯೂ ಖರ್ಚಾಗುವ ವಸ್ತು: 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ, ಪ್ರತಿ 3 ಡೆಸಿಬಲ್‌ಗೆ ಅದು ಅರ್ಧವಾಗಿ 94ಕ್ಕೆ ಒಂದೇ ಗಂಟೆ ಉಳಿಯುತ್ತದೆ.

ಸಿಗುವ ಸುಖ ಮಾತ್ರ ದೊಡ್ಡದು. ಹಳೆಯ ಮೋನೊ ಧ್ವನಿಮುದ್ರಣ ಹಚ್ಚಿ, ಸಿದ್ಧರಾಮ ಜಂಬಲದಿನ್ನಿಯವರದೋ ಮಲ್ಲಿಕಾರ್ಜುನ ಮನ್ಸೂರರದೋ ಆಗಲಿ. ಕೋಣೆ ಸರಿಯಾಗಿದ್ದರೆ ಕಂಠ ಎರಡು ಸ್ಪೀಕರ್‌ಗಳನ್ನೂ ಬಿಟ್ಟು ನಡುವಿನ ಖಾಲಿ ಜಾಗದಲ್ಲಿ ಒಂದೇ ಬಿಂದುವಿನಲ್ಲಿ ನಿಲ್ಲುತ್ತದೆ. ಎಡಕ್ಕೋ ಬಲಕ್ಕೋ ವಾಲಿದರೆ ಅಳತೆಯಲ್ಲಿ ಇಂಚಿನ ವ್ಯತ್ಯಾಸವಿದೆ, ಟೇಪ್ ಹಿಡಿದು ಮತ್ತೆ ನೋಡಿ. ತಂಬೂರಿಯ ಜವಾರಿ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಅದರ ಮೇಲೆ ಗಾಯಕ ಷಡ್ಜ ಹಚ್ಚುವ ಮೊದಲ ಉಸಿರೂ ಕೇಳುತ್ತದೆ. ಇದಕ್ಕೆ ಈಗಿರುವ ನಿಮ್ಮ ಸ್ಪೀಕರ್‌ಗಳೇ ಸಾಕು. ಫ್ಯಾನಿನ ರೆಕ್ಕೆ ಸದ್ದನ್ನು ಕತ್ತರಿಸಿ ನಡುಗಿಸುತ್ತದೆ, ಹಾಗಾಗಿ ಕೂಲರಿನಲ್ಲಿ ಮೊದಲೇ ಕೋಣೆ ತಣ್ಣಗೆ ಮಾಡಿ, ರಾತ್ರಿ ಹತ್ತರ ನಂತರ ಎರಡನ್ನೂ ನಿಲ್ಲಿಸಿ ಕೇಳಿ.

ನಾಟಕದ ತಟ್ಟೆಗಳಿಗೆ ಮಾತ್ರ ಹಣ ಹಾಕಿ. ಆ ಹಾಡುಗಳು ಬೇರೆಲ್ಲೂ ಉಳಿದಿರದೆ ಇರಬಹುದು. ಎಲ್‌ಪಿಯ ಸೂಜಿ 0.7 ಮಿಲ್ (ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ), 78ರ ಗೀರಿಗೆ 3 ಮಿಲ್ ಬೇಕು. ಸಣ್ಣ ಸೂಜಿ ತಳದ ಕಸದಲ್ಲಿ ಓಡಿ ಕೊರೆಯುತ್ತದೆ. ನಿಮ್ಮ ಕಾರ್ಟ್ರಿಜ್‌ಗೆ (ಸೂಜಿ ಕೂರುವ ಭಾಗ) 78ರ ಸೂಜಿ ಸಿಗುತ್ತದೆಯೇ ನೋಡಿ, ಆಡಿಯೊ-ಟೆಕ್ನಿಕಾ ವಿಎಂ95 ಸರಣಿಯಾದರೆ ಎಸ್‌ಪಿ ಎಂಬ ಸೂಜಿ ಇದೆ, ಭಾರ 5 ಗ್ರಾಂ. ಪ್ಲೇಯರಿನಲ್ಲಿ 78ರ ವೇಗವೂ ಇರಬೇಕು. ತಟ್ಟೆ ಅರಗಿನದು, ಸ್ಪಿರಿಟ್ ತಾಗಿದರೆ ಕರಗುತ್ತದೆ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ, ಮೆತ್ತನೆಯ ಬ್ರಶ್, ಲೇಬಲ್ ನೆನೆಯದಂತೆ ಗೀರಿನ ದಿಕ್ಕಿನಲ್ಲೇ ಉಜ್ಜಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಕಂಪ್ಯೂಟರಿಗೆ ಇಳಿಸುವಾಗ ಎಡ-ಬಲ ಎರಡನ್ನೂ ಕೂಡಿಸಿ ಮೋನೊ ಮಾಡಿದರೆ ಕರಕರ ತಗ್ಗುತ್ತದೆ. ಫೈಲಿನ ಹೆಸರಲ್ಲಿ ಹಾಡಿದವರ ಹೆಸರು, ಕಂಪನಿಯ ಹೆಸರು, ಲೇಬಲ್ಲಿನ ಅಂಚಿನ ಕಪ್ಪು ಜಾಗದಲ್ಲಿ ಕೊರೆದ ಸಂಖ್ಯೆ ಮೂರನ್ನೂ ಬರೆಯಿರಿ. ಆ ಸಂಖ್ಯೆಯಿಂದಲೇ ಮುದ್ರಣದ ಕಾಲ ಹುಡುಕಲು ಬರುತ್ತದೆ. ತಟ್ಟೆಗಳನ್ನು ಬಿಸಿಲು ಬೀಳುವ ಹೊರಗೋಡೆಗೆ ತಾಗಿಸದೆ, ಒಳಗೋಡೆಯ ಕೆಳಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿಡಿ.